ಮಗಳು ಮುಚ್ಚಿಟ್ಟ ಬೆರಳು

(ಗ್ರಾಮಾಂತರ ದಂಪತಿಗಳ ಸಭೆಯೊಂದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆ ಎಂದೊಡನೆ ಇಂದು ಆಪರೇಷನ್ನಿನ ಮಾತೇ ಬರುವುದೆಂದು ತಮ್ಮಲ್ಲಿ ಅನೇಕರು ಎಣಿಸಿರಬಹುದು. ಕೆಲವು ಗಂಡಸರು ಅದೇ ಕಾರಣದಿಂದ ಬಾಗಿಲ ಬಳಿಯೇ ಕುಳಿತಿರುವುದು ನನಗೆ ಕಾಣುತ್ತಿದೆ. ದಯವಿಟ್ಟು ಒಳಕ್ಕೆ ಬನ್ನಿ. ಆ ಮಾತೂ ಸ್ವಲ್ಪ ಬರುವುದುಂಟು; ಆದರೆ ಇಂದು ನಾನು ಹೇಳಹೊರಟಿರುವುದು ಹೆಚ್ಚಾಗಿ ನನ್ನ ಮನೆಯ ಸಂಗತಿಯನ್ನೇ. ಆಸ್ಪತ್ರೆಯ ವಸತಿಗೃಹದಲ್ಲಿ ನಾನು, ನನ್ನ ಪತ್ನಿ, ಹನ್ನೆರಡು ವರ್ಷದ ಮಗಳು, ಇವರೊಡನೆ ಕೆಂಪಿ ಎಂಬ ನಾಯಿ ವಾಸವಾಗಿರುವುದನ್ನು ತಾವೆಲ್ಲರೂ ಬಲ್ಲಿರಿ. ಕೆಂಪಿಯಂತೂ ನನಗಿಂತ ಹೆಚ್ಚು ಮನೆಗಳಿಗೆ ಪರಿಚಿತಳು.

ನಮ್ಮ ಮನೆಯ ವಿಷಯಕ್ಕೆ ಬರುವ ಮೊದಲು ಬೇರೊಂದು ಪ್ರಸಂಗವನ್ನು ಹೇಳಬೇಕಾಗಿದೆ. ಸರ್ಕಾರಿ ಸೇವೆಗೆ ಸೇರಿದ ಎರಡನೆಯ ವರ್ಷ ನಾನು ಬೇರೊಂದು ತಾಲ್ಲೂಕಿನಲ್ಲಿದ್ದೆನು. ಒಂದು ದಿನ ಬೆಳಿಗ್ಗೆ ಹತ್ತು ವರ್ಷದ ಬಾಲಕನೊಬ್ಬನನ್ನು ಅವನ ತಂದೆ ಹೆಗಲ ಮೇಲೆ ಹೊತ್ತು ತಂದರು. ಎರಡು ದಿನದಿಂದ ಜ್ವರ, ನೀರು ಕುಡಿಯುತ್ತಿಲ್ಲ ಎಂದರು. ನೀರಿನ ಲೋಟವನ್ನು ಹತ್ತಿರ ತಂದೊಡನೆ ಬಾಲಕನ ಗಂಟಲು ಸೆಟೆದುಕೊಂಡಿತು. ಫ್ಯಾನಿನ ಗಾಳಿ ಮುಖಕ್ಕೆ ತಾಕಿದರೂ ಅವನು ಬೆಚ್ಚಿ ಬೀಳುತ್ತಿದ್ದನು. ರೋಗ ಯಾವುದೆಂದು ತಿಳಿಯಲು ನನಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ನಾಯಿ ಕಚ್ಚಿತ್ತೇ ಎಂದು ಕೇಳಿದಾಗ ತಂದೆ ಇಲ್ಲವೆಂದರು. ಉತ್ತರ ಬಂದುದು ಸೀರೆಯ ಸೆರಗು ಹಿಡಿದು ನಿಂತಿದ್ದ ಅವನ ತಂಗಿಯಿಂದ. ಎರಡು ತಿಂಗಳ ಹಿಂದೆ ಅಣ್ಣ ಶಾಲೆ ತಪ್ಪಿಸಿ ಮಾವಿನ ತೋಪಿಗೆ ಹೋಗಿದ್ದನೆಂದೂ, ಅಲ್ಲಿ ನಾಯಿಮರಿಯೊಂದು ಕಾಲನ್ನು ಕಚ್ಚಿತೆಂದೂ, ಅಪ್ಪನಿಗೆ ಹೇಳಬಾರದೆಂದು ತನ್ನಿಂದ ಆಣೆ ಹಾಕಿಸಿಕೊಂಡನೆಂದೂ ಆ ಹುಡುಗಿ ಅಳುತ್ತಾ ಹೇಳಿದಳು.

ಬಾಲಕನನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆನು. ರೇಬಿಸ್, ಅಂದರೆ ಹುಚ್ಚುನಾಯಿ ರೋಗ, ಲಕ್ಷಣಗಳನ್ನು ತೋರಿದ ಮೇಲೆ ಗುಣಪಡಿಸುವ ಔಷಧಿ ಎಲ್ಲಿಯೂ ಇಲ್ಲವೆಂಬುದನ್ನು ನಾನು ಬಲ್ಲೆನು. ಮೂರನೆಯ ದಿನ ಅವನು ತೀರಿಕೊಂಡನು. ಕೆಲವು ವಾರಗಳ ನಂತರ ಅವನ ತಂದೆ ನನ್ನ ಬಳಿಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕಡೆಗೆ ಹೀಗೆಂದರು: "ಹೇಳಿದ್ರೆ ನಾನು ಹೊಡೀತಿದ್ದೆ ಸ್ವಾಮಿ, ಅದು ನಿಜ. ಆದ್ರೆ ಆಸ್ಪತ್ರೆಗೂ ಕರ್ಕೊಂಡು ಬರ್ತಿದ್ದೆ." ಆ ತಂದೆಯ ಮಾತಿನ ಎರಡನೆಯ ಭಾಗ ಬಾಲಕನಿಗೆ ತಿಳಿದಿರಲಿಲ್ಲ, ಮೊದಲನೆಯ ಭಾಗ ಮಾತ್ರ ತಿಳಿದಿತ್ತು.

ಈಗ ನಮ್ಮ ಮನೆಗೆ ಬರೋಣ. ಮೂರು ವರ್ಷಗಳ ಹಿಂದೆ ಮುಂಗಾರು ಹಿಡಿದ ದಿನಗಳಲ್ಲಿ ಮಗಳು ಶಾಲೆಯಿಂದ ಬರುವಾಗ ತಿಪ್ಪೆಯ ಬಳಿ ನೆನೆಯುತ್ತಾ ಬಿದ್ದಿದ್ದ ಮರಿಯೊಂದನ್ನು ಲಂಗದಲ್ಲಿ ಸುತ್ತಿಕೊಂಡು ಬಂದಳು. ಸುಮಾರು ಎರಡು ತಿಂಗಳ ಕೆಂದು ಬಣ್ಣದ ಮರಿ. ನೆರೆಯ ಹಿರಿಯರೊಬ್ಬರು ಅದನ್ನು ಎತ್ತಿ ತಿರುಗಿಸಿ ನೋಡಿ, "ಅಯ್ಯೋ, ಹೆಣ್ಣು ಮರಿ ಡಾಕ್ಟ್ರೇ! ಅದಕ್ಕೇ ಯಾರೋ ಬಿಸಾಕವ್ರೆ. ಸಾಕೋ ಹಂಗಿದ್ರೆ ಒಂದು ಗಂಡು ಮರಿ ಹುಡುಕಿಸಿ ಕೊಡ್ತೀನಿ" ಎಂದರು. ಅವರದು ಒಳ್ಳೆಯ ಮನಸ್ಸೇ. ಅವರು ಹೋದ ಮೇಲೆ ಮಗಳು ನನ್ನನ್ನು, "ಹೆಣ್ಣಾದ್ರೆ ಯಾಕಪ್ಪ ಬಿಸಾಕ್ತಾರೆ?" ಎಂದು ಕೇಳಿದಳು. ಹೆಣ್ಣು ನಾಯಿ ಮೇಲಿಂದ ಮೇಲೆ ಮರಿ ಹಾಕುತ್ತದೆ, ಅವನ್ನು ನೋಡಿಕೊಳ್ಳುವುದು ಕಷ್ಟ, ಅದಕ್ಕಾಗಿ ಎಂದೆನು. ಉತ್ತರ ತಪ್ಪಲ್ಲ. ಆದರೆ ಒಂಬತ್ತು ವರ್ಷದ ಹೆಣ್ಣುಮಗು ಆ ಪ್ರಶ್ನೆಯನ್ನು ಕೇವಲ ನಾಯಿಯ ಬಗ್ಗೆ ಕೇಳಿದ್ದಳೆಂದು ನಾನು ಇಂದಿಗೂ ನಂಬಲಾರೆ. ಒಬ್ಬಳೇ ಮಗಳು ಸಾಕೇ, ಗಂಡು ಬೇಡವೇ ಎಂದು ನಮ್ಮನ್ನು ಕೇಳುವವರು ಅವಳ ಎದುರಿನಲ್ಲಿಯೇ ಕೇಳುತ್ತಿದ್ದರು.

ಮರಿ ಮನೆಯಲ್ಲಿ ಉಳಿಯಿತು. ಆ ಬಾಲಕನ ನೆನಪು ನನ್ನನ್ನು ಬಿಟ್ಟಿರಲಿಲ್ಲವಾದ್ದರಿಂದ ಮೊದಲ ದಿನವೇ ನಾನು ಗಟ್ಟಿಯಾದ ದನಿಯಲ್ಲಿ ಒಂದು ಮಾತು ಹೇಳಿದೆನು: "ನೋಡು, ಕಚ್ಚುವ ನಾಯಿಯನ್ನು ನಾನು ಒಂದು ದಿನವೂ ಮನೆಯಲ್ಲಿ ಇಡುವುದಿಲ್ಲ." ಎಚ್ಚರಿಕೆ ಹೇಳಿದೆನೆಂದೇ ನಾನು ತಿಳಿದಿದ್ದೆ.

ಎರಡು ವಾರಗಳಾಗಿರಬೇಕು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ಮುದ್ದೆ ಬೇಡ, ಅನ್ನ ಕೊಡು, ಚಮಚವೂ ಬೇಕು ಎಂದಳು. ಮುದ್ದೆಯೆಂದರೆ ಎರಡು ಹಾಕಿಸಿಕೊಳ್ಳುವ ಹುಡುಗಿ. ನನಗೆ ಏನೂ ಅನ್ನಿಸಲಿಲ್ಲ, ತಾಯಿಗೆ ಅನ್ನಿಸಿತು. ಆಕೆ ಸದ್ದಿಲ್ಲದೆ ಮಗಳ ಬಲಗೈಯನ್ನು ತೊಡೆಯ ಮೇಲಿನಿಂದ ಎತ್ತಿ ದೀಪಕ್ಕೆ ಹಿಡಿದರು. ತೋರುಬೆರಳಿನ ಮೇಲೆ ಎರಡು ಹಲ್ಲಿನ ಗುರುತು, ಊದಿದ ಚರ್ಮ. ಮೂರು ದಿನದ ಹಿಂದೆ ರೊಟ್ಟಿ ಕೊಡುವಾಗ ಮರಿ ಕಚ್ಚಿದ್ದಿತು, ರಕ್ತ ಬಂದಿತ್ತು, ಅವಳು ಹಿತ್ತಿಲಿನಲ್ಲಿ ನೀರು ಸುರಿದುಕೊಂಡು, ಅರಿಸಿನ ಮೆತ್ತಿ ಸುಮ್ಮನಾಗಿದ್ದಳು. ಆಸ್ಪತ್ರೆಯ ಗೋಡೆಗೂ ನಮ್ಮ ಮನೆಯ ಗೋಡೆಗೂ ನಲವತ್ತು ಹೆಜ್ಜೆಯ ಅಂತರ. ಲಸಿಕೆ ನನ್ನದೇ ಶೀತಕ ಪೆಟ್ಟಿಗೆಯಲ್ಲಿತ್ತು. ನನ್ನ ಮಗಳು ಮೂರು ದಿನ ಬೆರಳನ್ನು ಮುಚ್ಚಿಟ್ಟುಕೊಂಡು ಓಡಾಡಿದ್ದಳು.

ಏಕೆ ಹೇಳಲಿಲ್ಲವೆಂದು ಕೇಳಿದೆನು. "ನೀವೇ ಹೇಳಿದ್ರಲ್ಲಪ್ಪ, ಕಚ್ಚೋ ನಾಯಿನ ಮನೇಲಿ ಇಡಲ್ಲ ಅಂತ" ಎಂದಳು. ಇನ್ನೂ ಒಂದು ಕಾರಣವಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕುತ್ತಾರೆಂದು ಸಹಪಾಠಿಯೊಬ್ಬಳು ಅವಳಿಗೆ ಹೇಳಿದ್ದಳು. ಮಾವಿನ ತೋಪಿನ ಬಾಲಕನ ತಂದೆಗೂ ನನಗೂ ಆ ಕ್ಷಣದಲ್ಲಿ ಇದ್ದ ವ್ಯತ್ಯಾಸ ಕೇವಲ ಕಾಲದ್ದು. ಅವರಿಗೆ ಎರಡು ತಿಂಗಳ ನಂತರ ತಿಳಿಯಿತು, ನನಗೆ ಮೂರು ದಿನಕ್ಕೆ ತಿಳಿಯಿತು. ಅದೂ ನನ್ನ ಜಾಣತನದಿಂದಲ್ಲ.

ಆ ರಾತ್ರಿಯೇ ಮಾಡಿದ ಚಿಕಿತ್ಸೆಯನ್ನು ತಾವು ಗಮನವಿಟ್ಟು ಕೇಳಬೇಕು. ನಾಯಿ, ಬೆಕ್ಕು, ಕೋತಿ ಯಾವುದೇ ಕಚ್ಚಿದರೂ ಮೊದಲ ಔಷಧಿ ಸಾಬೂನು ಮತ್ತು ನೀರು. ಹರಿಯುವ ನೀರಿನಲ್ಲಿ, ಅಥವಾ ಚೊಂಬಿನಿಂದ ಸುರಿಯುತ್ತಾ, ಹದಿನೈದು ನಿಮಿಷ ಗಾಯವನ್ನು ತೊಳೆಯಬೇಕು. ಹದಿನೈದು ನಿಮಿಷವೆಂಬುದು ನಾವು ಎಣಿಸುವುದಕ್ಕಿಂತ ಬಹಳ ದೀರ್ಘವಾದುದು. ಗಡಿಯಾರ ನೋಡಿಯೇ ತೊಳೆಯಿರಿ. ರೋಗಾಣು ಗಾಯದಲ್ಲಿಯೇ ಇರುವಾಗ ಅದನ್ನು ಕೊಚ್ಚಿಹಾಕಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಇವನ್ನು ಮೆತ್ತಕೂಡದು. ಬಿಗಿಯಾಗಿ ಕಟ್ಟಲೂ ಕೂಡದು. ಅನಂತರ ಅದೇ ದಿನ ಆಸ್ಪತ್ರೆಗೆ ಬರಬೇಕು. ತಡವಾಗಿದ್ದರೂ ಬರಬೇಕು, ತಡವಾಯಿತೆಂದು ಬಾರದೆ ಇರುವುದು ತಡವಾಗಿ ಬರುವುದಕ್ಕಿಂತ ದೊಡ್ಡ ತಪ್ಪು.

ಹದಿನಾಲ್ಕು ಇಂಜೆಕ್ಷನ್ನಿನ ಕಥೆ ಸುಳ್ಳೇನಲ್ಲ, ಹಳೆಯದು. ಹಿಂದೆ ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚುತ್ತಿದ್ದರು. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ಬಳಕೆ ನಿಂತೇಹೋಯಿತು. ಈಗ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡೂ ತೋಳುಗಳ ಚರ್ಮದ ಪದರದೊಳಗೆ ಅತಿ ಸಣ್ಣ ಪ್ರಮಾಣದಲ್ಲಿ ನಾಲ್ಕು ಸಲ ಕೊಡುವ ಕ್ರಮವುಂಟು: ಬಂದ ದಿನ, ಅಲ್ಲಿಂದ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿರೋಧಕ ಔಷಧಿಯನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಲಸಿಕೆಯಿಂದ ದೇಹ ತನ್ನ ಕಾವಲನ್ನು ಕಟ್ಟಿಕೊಳ್ಳಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಈ ಔಷಧಿ ಕಾಯುತ್ತದೆ. ಬೆರಳಿನ ತುದಿಗೆ ಚುಚ್ಚುವುದು ಬಹಳ ನೋವಿನ ಕೆಲಸ. ನಮ್ಮ ನರ್ಸಮ್ಮನವರು ಚುಚ್ಚಿದರು. ನಾನು ಆ ರಾತ್ರಿ ಬರಿಯ ತಂದೆಯಾಗಿ ಮಗಳ ಕೈ ಹಿಡಿದುಕೊಂಡಿದ್ದೆನು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಸಹ ಈ ಲಸಿಕೆಯನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಪಥ್ಯವೇನೂ ಇಲ್ಲ. ಎರಡು ಸಲ ತೆಗೆದುಕೊಂಡು, ಗಾಯ ಮಾಯಿತೆಂದು ಉಳಿದುದನ್ನು ಬಿಡುವವರು ನಮ್ಮಲ್ಲಿ ಹೆಚ್ಚು. ಮಾಯುವುದು ಚರ್ಮ, ನಾವು ತಡೆಯಬೇಕಾಗಿರುವುದು ನರಗಳ ಮೂಲಕ ಮಿದುಳಿಗೆ ಹೋಗುವ ರೋಗವನ್ನು.

ಮರಿಯ ಗತಿ ಏನಾಯಿತೆಂದು ಕೇಳುವಿರಿ. ನಾಯಿ ಕಚ್ಚಿದ ಮೇಲೆ ಅದನ್ನು ಹೊಡೆದು ಕೊಲ್ಲುವುದಾಗಲಿ, ದೂರ ಬಿಟ್ಟು ಬರುವುದಾಗಲಿ ಮಾಡಬಾರದು. ಸಿಗುವಂತಿದ್ದರೆ ಹತ್ತು ದಿನ ಕಣ್ಣಿಟ್ಟಿರಬೇಕು. ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇದ್ದಿದ್ದರೆ ಅಷ್ಟರೊಳಗೆ ನಾಯಿ ಕಾಯಿಲೆ ಬಿದ್ದು ಸಾಯುತ್ತದೆ. ಆದರೆ ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ಆರಂಭಿಸೋಣವೆಂದು ಕಾಯಕೂಡದು. ಲಸಿಕೆ ಮೊದಲು, ಕಾವಲು ಅದರ ಜೊತೆಗೆ. ಮರಿಯನ್ನು ಜಗುಲಿಯಲ್ಲಿ ಕಟ್ಟಿದೆವು. ಪ್ರತಿದಿನ ಬೆಳಿಗ್ಗೆ ಅದು ಗಂಜಿ ಕುಡಿಯಿತೆಂದು ಖಚಿತಪಡಿಸಿಕೊಂಡು ಮಗಳು ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಹತ್ತು ಗೆರೆಗಳಾದವು. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ನನ್ನ ಎದುರು ಬಂದು ನಿಂತಳು, ಏನೂ ಕೇಳಲಿಲ್ಲ. ನಾನೇ ಹಗ್ಗ ಬಿಚ್ಚಿದೆನು. "ಆ ದಿನ ನಾನು ಹೇಳಿದ ಮಾತು ತಪ್ಪು" ಎಂದೆನು. ಮಕ್ಕಳೆದುರು ತಂದೆ ಹೀಗೆ ಹೇಳುವುದು ನಮ್ಮ ಸಂಪ್ರದಾಯದಲ್ಲಿ ಅಪರೂಪ. ಹೇಳಿದರೆ ಗೌರವ ಕಡಿಮೆಯಾಗುವುದೆಂಬ ಹೆದರಿಕೆ ನನಗೂ ಇತ್ತು.

ಮರಿಗೆ ಮೂರು ತಿಂಗಳು ತುಂಬಿದೊಡನೆ ಪಶುವೈದ್ಯಶಾಲೆಯಲ್ಲಿ ರೇಬಿಸ್ ಲಸಿಕೆ ಹಾಕಿಸಿದೆವು. ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸುತ್ತಿದ್ದೇವೆ. ಮರಿಗಳ ಹೊಟ್ಟೆಯಲ್ಲಿ ದುಂಡುಹುಳು ಸಾಮಾನ್ಯವಾದ್ದರಿಂದ ಅದಕ್ಕೂ ಔಷಧಿ ಕುಡಿಸಬೇಕು. ನಾಯಿ ಮುಟ್ಟಿದ ಕೈ ತೊಳೆದೇ ಊಟ, ಅದರ ತಟ್ಟೆ ಬೇರೆ, ಮುಖ ನೆಕ್ಕಿಸಿಕೊಳ್ಳುವಂತಿಲ್ಲ ಎಂಬುದು ಮನೆಯ ಕಟ್ಟಳೆ. ಹಬ್ಬದಲ್ಲಿ ಕುರಿ ಕಡಿದಾಗ ಶ್ವಾಸಕೋಶ, ಯಕೃತ್ತುಗಳನ್ನು ಹಸಿಯಾಗಿ ನಾಯಿಗೆ ಎಸೆಯುವುದನ್ನು ಮಾತ್ರ ತಾವು ಬಿಡಲೇಬೇಕು. ಅದರಿಂದ ನಾಯಿಯ ಕರುಳಿನಲ್ಲಿ ಬೆಳೆಯುವ ಒಂದು ಸಣ್ಣ ಲಾಡಿಹುಳುವಿನ ಮೊಟ್ಟೆಗಳು ಮನುಷ್ಯನ ಹೊಟ್ಟೆ ಸೇರಿ, ಯಕೃತ್ತಿನಲ್ಲಿ ನೀರುಗುಳ್ಳೆಗಳಾಗಿ ವರ್ಷಾನುಗಟ್ಟಲೆ ಬೆಳೆಯುತ್ತವೆ.

ಇನ್ನು ಬಾಗಿಲ ಬಳಿ ಕುಳಿತವರು ಕಾಯುತ್ತಿದ್ದ ವಿಷಯ. ಬೀದಿಗೆ ಬೀಳುವ ಮರಿಗಳ ಸಂಖ್ಯೆ ಹೆಚ್ಚಬಾರದೆಂದು ಪಶುವೈದ್ಯರ ಸಲಹೆಯಂತೆ ಕೆಂಪಿಗೆ ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. "ಡಾಕ್ಟ್ರ ಮನೇಲಿ ನಾಯಿಗೂ ಬಿಡಲಿಲ್ಲ" ಎಂದು ಹೋಟೆಲಿನಲ್ಲಿ ನಗೆಯಾಡಿದುದು ನನ್ನ ಕಿವಿಗೂ ಬಿದ್ದಿದೆ. ನಗುವವರಿಗೆ ತಿಳಿದಿರಲೆಂದು ಹೇಳುತ್ತೇನೆ: ನಮ್ಮ ಮನೆಯಲ್ಲಿ ಆ ಚಿಕಿತ್ಸೆ ಮೊದಲು ಆದುದು ನನಗೆ. ಒಂದೇ ಮಗು ಸಾಕೆಂದು ನಾವಿಬ್ಬರೂ ಕೂತು ಮಾತನಾಡಿ ನಿರ್ಧರಿಸಿದ ಮೇಲೆ, ಹೊಲಿಗೆಯಿಲ್ಲದ ಪುರುಷ ಸಂತಾನಶಕ್ತಿಹರಣ ಚಿಕಿತ್ಸೆಯನ್ನು ಮಾಡಿಸಿಕೊಂಡೆನು. ಕೆಲವು ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಬರಬಹುದು. ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಮೂರು ತಿಂಗಳು ಮಾತ್ರ ಬೇರೆ ವಿಧಾನವನ್ನು ಅನುಸರಿಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಶಾಶ್ವತ ವಿಧಾನ ಬೇಡವೆನ್ನುವವರಿಗೆ ಹತ್ತು ವರ್ಷ ಕೆಲಸ ಮಾಡುವ ಕಾಪರ್-ಟಿ ಇದೆ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಇಂಜೆಕ್ಷನ್ ಇದೆ, ಛಾಯಾ ಮಾತ್ರೆ ಇದೆ. ಎಷ್ಟು ಮಕ್ಕಳು, ಯಾವಾಗ ಎಂಬುದು ತಮ್ಮಿಬ್ಬರ ತೀರ್ಮಾನ. ಗಂಡು ಹುಟ್ಟುವವರೆಗೆ ಎಂಬ ಲೆಕ್ಕವನ್ನು ಹಾಕುವವರು, ಆ ಲೆಕ್ಕವನ್ನು ಮನೆಯಲ್ಲಿರುವ ಹೆಣ್ಣುಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆಂಬುದನ್ನು ಮರೆಯದಿದ್ದರೆ ಸಾಕು.

ಬೆರಳಿನ ಪ್ರಸಂಗವಾದ ಮೇಲೆ ನನ್ನ ಪತ್ನಿ ಒಂದು ಮಾತು ಹೇಳಿದರು. "ಬೆರಳನ್ನೇ ಮುಚ್ಚಿಟ್ಟವಳು ನಾಳೆ ಬೇರೆಯದನ್ನು ಹೇಳುತ್ತಾಳೆಯೇ?" ಎಂದು. ಆಕೆಯ ಮನಸ್ಸಿನಲ್ಲಿದ್ದುದು ನನಗೆ ಕೂಡಲೇ ತಿಳಿಯಲಿಲ್ಲ. ಮಗಳಿಗೆ ಹತ್ತು ತುಂಬಿದ ವರ್ಷವೇ ಆಕೆ ಋತುಸ್ರಾವದ ವಿಷಯವನ್ನು ಮಗಳಿಗೆ ತಿಳಿಯಹೇಳಿದರು. ತಲೆಗೆ ಎಣ್ಣೆ ಹಚ್ಚುವಾಗ ಸ್ವಲ್ಪ, ಅವರೆಕಾಯಿ ಸುಲಿಯುವಾಗ ಸ್ವಲ್ಪ. ಇದು ಕಾಯಿಲೆಯಲ್ಲ, ಗಾಯವಲ್ಲ, ಯಾರ ತಪ್ಪೂ ಅಲ್ಲ, ಬಂದಾಗ ಶಾಲೆಯಲ್ಲಿದ್ದರೆ ಟೀಚರಿಗೆ ಹೇಳು ಎಂದು. ಅನೇಕ ಹುಡುಗಿಯರು ಮೊದಲ ಸಲ ರಕ್ತ ನೋಡಿದಾಗ ತಮಗೇನೋ ಆಗಿ ಸಾಯುತ್ತೇವೆಂದು ಭಯಪಟ್ಟು ಮುಚ್ಚಿಡುತ್ತಾರೆ. ಹೊಲಸು ಬಟ್ಟೆಯನ್ನು ಬಳಸಿ, ಕತ್ತಲಲ್ಲಿ ಒಣಗಿಸಿ, ಸೋಂಕು ತಗುಲಿದ ಮೇಲೆ ನಮ್ಮ ಬಳಿಗೆ ಬರುತ್ತಾರೆ. ಬಟ್ಟೆ ಬಳಸುವವರು ಶುದ್ಧ ಹತ್ತಿಯ ಬಟ್ಟೆಯನ್ನು ಸಾಬೂನಿನಲ್ಲಿ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ದಿನಕ್ಕೆ ಮೂರು ನಾಲ್ಕು ಸಲ ಬದಲಾಯಿಸಬೇಕು. ಬಿಸಿಲಿಗೆ ಹಾಕಲು ನಾಚಿಕೆಯಾದರೆ ಮೇಲೊಂದು ತೆಳುವಾದ ಪಂಚೆ ಹೊದಿಸಿರಿ.

ಕಳೆದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಮಗಳು ತಾಯಿಗೆ ಹೇಳಿದಳು. ಸಂಜೆ ನಾನು ಮನೆಗೆ ಬಂದಾಗ, "ಅಪ್ಪ, ನಾನು ದೊಡ್ಡವಳಾದೆ, ಹೊಟ್ಟೆ ನೋಯ್ತಿದೆ" ಎಂದು ನನಗೂ ಹೇಳಿದಳು. ಬಿಸಿನೀರಿನ ಚೀಲ ಕೊಟ್ಟೆನು. ಅದಕ್ಕಿಂತ ಹೆಚ್ಚಿನದನ್ನು ಮಾಡುವ ಅಗತ್ಯವಿರಲಿಲ್ಲ.

ಸುದ್ದಿ ತಿಳಿದು ನನ್ನ ತಾಯಿ ಊರಿನಿಂದ ಎಳ್ಳು, ಕೊಬ್ಬರಿ, ಬೆಲ್ಲ ಹೊತ್ತು ಬಂದರು. ಚಿಗಳಿ ಕುಟ್ಟಿ ಮೊಮ್ಮಗಳಿಗೆ ತಿನ್ನಿಸಿದರು. ಬೆಳೆಯುವ ಹುಡುಗಿಗೆ ಅದು ಒಳ್ಳೆಯ ಆಹಾರವೇ, ನಾನು ಬೇಡವೆನ್ನಲಿಲ್ಲ. ಆದರೆ ಕತ್ತಲಾದಾಗ ಚಾಪೆ, ತಟ್ಟೆ, ಲೋಟಗಳನ್ನು ಹಿತ್ತಿಲ ಕೋಣೆಯಲ್ಲಿಟ್ಟು, ಐದು ದಿನ ಅಲ್ಲಿಯೇ ಇರಲಿ ಎಂದರು. ನನ್ನ ಪತ್ನಿ ಮೆಲ್ಲನೆ, "ಅತ್ತೆ, ಮಳೆ ಬಂದ್ರೆ ನಾಯಿನೂ ಒಳಗೆ ಕರ್ಕೊತೀವಿ. ಮಗೂನ ಹೊರಗೆ ಮಲಗಿಸೋದು ಹೇಗೆ?" ಎಂದರು. ತಾಯಿಯವರಿಗೆ ಕೋಪ ಬರುವುದೆಂದು ನಾನು ಸಿದ್ಧನಾಗಿದ್ದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ತಮ್ಮನ್ನು ಹದಿಮೂರನೆಯ ವಯಸ್ಸಿನಲ್ಲಿ ಹೊಲದ ಅಂಚಿನ ಸೋಗೆ ಗುಡಿಸಿಲಿನಲ್ಲಿ ಕೂರಿಸಿದ್ದರೆಂದೂ, ಏನಾಯಿತೆಂದು ಯಾರೂ ಹೇಳಿರಲಿಲ್ಲವೆಂದೂ, ರಾತ್ರಿ ನರಿ ಕೂಗಿದಾಗ ಅಮ್ಮ ಎಂದರೂ ಯಾರಿಗೂ ಕೇಳಿಸುತ್ತಿರಲಿಲ್ಲವೆಂದೂ ಹೇಳಿದರು. "ನಮ್ಮನೆ ಕರಿಯ ಒಂದೇ ಬಂದು ಬಾಗಿಲಲ್ಲಿ ಮಲಗ್ತಿತ್ತು ಕಣಪ್ಪ. ಅದರ ಬೆನ್ನು ಮೇಲೆ ಕೈ ಇಟ್ಕೊಂಡು ಬೆಳಗು ಮಾಡ್ತಿದ್ದೆ" ಎಂದರು. ಕರಿಯ ಎಂಬುದು ಅವರ ತವರಿನ ನಾಯಿ. ನನಗೆ ಇಷ್ಟು ವಯಸ್ಸಾದರೂ ಈ ಸಂಗತಿಯನ್ನು ಅವರು ಎಂದೂ ಹೇಳಿರಲಿಲ್ಲ. ಚಾಪೆಯನ್ನು ಅವರೇ ಒಳಗೆ ತಂದು, ತಮ್ಮ ಹಾಸಿಗೆಯ ಪಕ್ಕದಲ್ಲಿ ಹಾಸಿದರು. ದೇವರ ಮನೆಗೆ ಮಾತ್ರ ಬೇಡವೆಂದರು, ನಾವು ಒಪ್ಪಿದೆವು. ಎಲ್ಲವೂ ಒಂದೇ ದಿನದಲ್ಲಿ ಬದಲಾಗಬೇಕೆಂದು ನಾನು ಹಟ ಹಿಡಿಯುವವನಲ್ಲ.

ಈ ವಯಸ್ಸಿನಲ್ಲಿ ಹುಡುಗಿಯರು ಬೇಗ ಎತ್ತರ ಬೆಳೆಯುತ್ತಾರೆ. ಅದರೊಡನೆ ತಿಂಗಳು ತಿಂಗಳು ರಕ್ತವೂ ಹೋಗುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದನ್ನು ಊಟವಾದ ಮೇಲೆ ನುಂಗಬೇಕು, ಕಾಫಿ ಟೀ ಜೊತೆಗೆ ಕೂಡದು. ಮಲ ಕಪ್ಪಾಗುವುದು ಸಹಜ, ಹೆದರಬೇಡಿ. ರಾಗಿ, ಸೊಪ್ಪು, ಹುರುಳಿ, ಕಾಳು, ತಿನ್ನುವವರಿಗೆ ಮೊಟ್ಟೆ ಮಾಂಸ, ಇವು ಗಂಡುಮಕ್ಕಳ ತಟ್ಟೆಯಲ್ಲಿ ಬೀಳುವಷ್ಟೇ ಅವಳ ತಟ್ಟೆಯಲ್ಲಿಯೂ ಬೀಳಲಿ. ಕಡೆಯಲ್ಲಿ ಉಳಿದುದನ್ನು ಉಣ್ಣುವ ಪದ್ಧತಿಯನ್ನು ತಾಯಂದಿರೂ ಬಿಡಬೇಕು. ಮಗಳು ಅದನ್ನು ನೋಡಿಯೇ ಕಲಿಯುತ್ತಾಳೆ.

ಚಿಗಳಿ ಮುಗಿಯುವ ಮೊದಲೇ ದೂರದ ನೆಂಟರೊಬ್ಬರು, ಹುಡುಗಿ ದೊಡ್ಡವಳಾದಳಲ್ಲ, ನಮ್ಮ ಕಡೆ ಒಂದು ಒಳ್ಳೆಯ ಹುಡುಗನಿದ್ದಾನೆ, ಮಾತು ಮುಗಿಸಿಟ್ಟುಕೊಳ್ಳೋಣ ಎಂದರು. ವೈದ್ಯನ ಮನೆಗೇ ಇಂತಹ ಮಾತು ಬರುವುದಾದರೆ ತಮ್ಮ ಮನೆಗಳಿಗೆ ಬಾರದಿರುತ್ತದೆಯೇ? ಮುಟ್ಟಾಗುವುದೆಂದರೆ ದೇಹ ಬೆಳೆಯಲು ಆರಂಭಿಸಿದೆ ಎಂದರ್ಥ, ಬೆಳೆದು ಮುಗಿಯಿತೆಂದಲ್ಲ. ಸೊಂಟದ ಮೂಳೆಗಳು ಹಿಗ್ಗುವುದಕ್ಕೆ ಇನ್ನೂ ವರ್ಷಗಳು ಬೇಕು. ಅದಕ್ಕೆ ಮೊದಲು ಬಸಿರಾದರೆ ಹೆರಿಗೆ ಕಷ್ಟ, ಮಗು ಕಡಿಮೆ ತೂಕದ್ದು, ತಾಯಿಯ ಪ್ರಾಣಕ್ಕೂ ಅಪಾಯ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ. ಕರ್ನಾಟಕದಲ್ಲಿ 2016ರ ತಿದ್ದುಪಡಿ ಅಧಿನಿಯಮದಂತೆ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಎಲ್ಲಿಯಾದರೂ ನಡೆಯುತ್ತಿದೆಯೆಂದು ತಿಳಿದರೆ 1098ಕ್ಕೆ ದೂರವಾಣಿ ಮಾಡಬಹುದು. ನೆಂಟರಿಗೆ ನಾನು ಇಷ್ಟನ್ನೆಲ್ಲ ಹೇಳುವ ಪ್ರಸಂಗ ಬರಲಿಲ್ಲ. ನನ್ನ ತಾಯಿಯವರೇ, "ಇನ್ನೂ ನಾಯಿ ಜೊತೆ ಕುಣಿಯೋ ಮಗು, ಸುಮ್ನಿರಪ್ಪ" ಎಂದು ಅವರ ಬಾಯಿ ಮುಚ್ಚಿಸಿದರು.

ನನ್ನ ಮಾತು ಉದ್ದವಾಯಿತು. ತಮ್ಮ ಪ್ರಶ್ನೆಗಳನ್ನು ಈಗ ಕೇಳಬಹುದು. ಎಲ್ಲರೆದುರು ಕೇಳಲು ಸಂಕೋಚಪಡುವ ಸೋದರಿಯರಿಗಾಗಿ ನರ್ಸಮ್ಮನವರೂ ಆಶಾ ಕಾರ್ಯಕರ್ತೆಯೂ ಪಕ್ಕದ ಕೊಠಡಿಯಲ್ಲಿ ಕುಳಿತಿರುತ್ತಾರೆ. ಗಂಡಸರಿಗೆ ಸಂಕೋಚವಿದ್ದರೆ ನಾನು ಹೊರಗಿನ ಬೇವಿನ ಮರದ ಕೆಳಗೆ ಇರುತ್ತೇನೆ. ಕೆಂಪಿ ಅಲ್ಲಿ ಮಲಗಿದ್ದಾಳೆ. ಲಸಿಕೆಯಾಗಿದೆ, ಆದರೂ ಮಲಗಿರುವಾಗ ತುಳಿಯಬೇಡಿ.